ಔಷಧಜನ್ಯ ಹೃದಯಾಘಾತ

ವೈದ್ಯರು ಬರೆದುಕೊಟ್ಟ ಔಷಧದ ಅಡ್ಡಪರಿಣಾಮವಾಗಿ ಆಗುವ ಹೃದಯಾಘಾತ. ಹೆಸರಾದ ನಿದರ್ಶನ, ವಯಾಕ್ಸ್ ಎಂದು ಮಾರಾಟವಾಗುತ್ತಿದ್ದ ಕೀಲುನೋವಿನ ಮಾತ್ರೆ ರೋಫೆಕಾಕ್ಸಿಬ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪ್ರೊಸ್ಟಾಸೈಕ್ಲಿನ್ ಅನ್ನು ಅದು ತಗ್ಗಿಸುತ್ತಿತ್ತು. ಹೆಪ್ಪುಗಟ್ಟಿಸುವ ಥ್ರಾಂಬಾಕ್ಸೇನ್ ಹಾಗೆಯೇ ಉಳಿಯುತ್ತಿತ್ತು. ಮರ್ಕ್ ಕಂಪನಿ 2004ರ ಸೆಪ್ಟೆಂಬರ್ 30ರಂದು ಮಾತ್ರೆಯನ್ನು ಹಿಂತೆಗೆದುಕೊಂಡಿತು. 2007ರಲ್ಲಿ ಅಮೆರಿಕದ ಮೊಕದ್ದಮೆಗಳ ರಾಜಿಗೆ 485 ಕೋಟಿ ಡಾಲರ್ ಒಪ್ಪಿತು. ಭಾರತ 2004ರ ಡಿಸೆಂಬರಿನಲ್ಲಿ ರೋಫೆಕಾಕ್ಸಿಬ್ ಅನ್ನೂ, 2010ರಲ್ಲಿ ಮಧುಮೇಹದ ರೋಸಿಗ್ಲಿಟಜೋನ್ ಅನ್ನೂ ನಿಷೇಧಿಸಿತು.

ನಿಷೇಧವಾದ ಮಾತ್ರಕ್ಕೆ ರೋಗಿಗೆ ಪರಿಹಾರ ಸಿಗುವುದಿಲ್ಲ. ಅದಕ್ಕೆ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ. ದೂರುದಾರ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಉದಾಹರಣೆಗೆ, ನವಿ ಮುಂಬೈನ ಸೀವುಡ್ಸ್ ಬಡಾವಣೆ ಠಾಣೆ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿಯವರಿಗೆ ಆ ಜಿಲ್ಲೆಯ ಗ್ರಾಹಕ ಆಯೋಗ. ಔಷಧ ಕಂಪನಿ ಎಲ್ಲಿದ್ದರೂ ಸರಿ. ದೂರು ಕೊಡಲು ಅವಧಿ 2 ವರ್ಷ. ಆದರೆ ಅಪಾಯದ ಎಚ್ಚರಿಕೆಯನ್ನು ಕಂಪನಿ ವೈದ್ಯರಿಗೆ ತಕ್ಕಮಟ್ಟಿಗೆ ತಲುಪಿಸಿದ್ದರೆ, ‘ನನಗೆ ಹೇಳಲಿಲ್ಲ’ ಎಂಬ ರೋಗಿಯ ವಾದ ನಿಲ್ಲದು. ಆಗ ಪ್ರಶ್ನೆ ವೈದ್ಯರ ನಿರ್ಲಕ್ಷ್ಯದತ್ತ ಹೊರಳುತ್ತದೆ. ಮೊದಲೇ ಮಧುಮೇಹ, ರಕ್ತದೊತ್ತಡ ಇದ್ದವರಿಗೆ ಮಾತ್ರೆಯೇ ಕಾರಣವೆಂದು ಸಾಧಿಸುವುದು ಇನ್ನೂ ಕಷ್ಟ. ಹಾಗಾಗಿ ಔಷಧ ಚೀಟಿ, ಬಿಲ್ಲು, ಬ್ಯಾಚ್ ಸಂಖ್ಯೆಯಿರುವ ಮಾತ್ರೆ ಪಟ್ಟಿ, ಇಸಿಜಿ ಎಲ್ಲವನ್ನೂ ಜೋಪಾನವಾಗಿಡಬೇಕು. ಅಡ್ಡಪರಿಣಾಮದ ಅನುಮಾನವಿದ್ದರೆ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಯೇ ತಿಳಿಸಬಹುದು.