ಕಾರಿನ ಎಂಜಿನ್ ನಮ್ಮ ಮೇಸ್ತ್ರಿಯ ಕೈ ತಪ್ಪಿದ್ದು ಹೇಗೆ?

ನಮ್ಮ ತಾಲ್ಲೂಕಿನ ಬಸ್ ನಿಲ್ದಾಣದ ಹಿಂದೆ ಒಂದು ಹಳೇ ಗ್ಯಾರೇಜ್ ಇದೆ. ಮೊನ್ನೆ ಅಲ್ಲಿ ಚಹಾ ಕುಡಿಯುತ್ತಾ ಕೂತಿದ್ದಾಗ ರೈತರೊಬ್ಬರು ಸೆಕೆಂಡ್ ಹ್ಯಾಂಡ್ ಕಾರು ತಂದು ನಿಲ್ಲಿಸಿದರು. ಮೀಟರ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿತ್ತು. ಮೇಸ್ತ್ರಿ ಬಾನೆಟ್ ಎತ್ತಿ ನೋಡಿ, "ಇದು ನನ್ನ ಕೈಲಾಗಲ್ಲ ಅಣ್ಣ, ಜಿಲ್ಲಾ ಕೇಂದ್ರಕ್ಕೇ ಒಯ್ಯಿರಿ" ಅಂದರು. ಮೂವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ ಕೈ ಅದು. ರೈತರು ಹೋದ ಮೇಲೆ ನನ್ನ ಕಡೆ ತಿರುಗಿ, "ಕಂಪನಿಯವರು ಬೇಕು ಅಂತಲೇ ಹೀಗೆ ಮಾಡಿದ್ದಾರೆ" ಎಂದು ಬೇಜಾರು ಮಾಡಿಕೊಂಡರು.

ನಿಜವೇ? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಅಂಬಾಸಿಡರ್ ಎಲ್ಲರಿಗೂ ಗೊತ್ತು. 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ತಯಾರಾದ ಕಾರು. ಅದಕ್ಕೆ ಬಹುಕಾಲ ಇದ್ದದ್ದು ಬ್ರಿಟನ್ ಮೂಲದ 1489 ಸಿಸಿ ಪೆಟ್ರೋಲ್ ಎಂಜಿನ್. ಎರಕದ ಕಬ್ಬಿಣದ ದಪ್ಪ ಬ್ಲಾಕ್, ನಾಲ್ಕು ಸಿಲಿಂಡರ್, ಶಕ್ತಿ ಸುಮಾರು 50 ಎಚ್‌ಪಿ. ಕ್ಯಾಮ್ ಶಾಫ್ಟ್ ಕೆಳಗೆ ಬ್ಲಾಕಿನಲ್ಲಿರುತ್ತಿತ್ತು. ಅಲ್ಲಿಂದ ಉದ್ದನೆಯ ರಾಡುಗಳು ಮೇಲಿನ ವಾಲ್ವ್‌ಗಳನ್ನು ತಳ್ಳುತ್ತಿದ್ದವು.

ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುತ್ತಿದ್ದದ್ದು ಕಾರ್ಬ್ಯುರೇಟರ್. ಎಂಜಿನ್ ಗಾಳಿ ಎಳೆದುಕೊಂಡಾಗ ಸಣ್ಣ ಜೆಟ್ ಮೂಲಕ ಪೆಟ್ರೋಲ್ ಚಿಮ್ಮುತ್ತಿತ್ತು. ಅದರಲ್ಲಿ ಕರೆಂಟಿನ ಕೆಲಸ ಇರಲಿಲ್ಲ. ಕಸ ಕಟ್ಟಿದರೆ ಬಿಚ್ಚಿ ಊದಿದರೆ ಸಾಕು. ಕಿಡಿ ಸರಿಯಾಗಿ ಬರದಿದ್ದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟನ್ನು ಎಮರಿ ಪೇಪರಿನಲ್ಲಿ ಉಜ್ಜಿದರೆ ಆಯಿತು. ಬ್ಯಾಟರಿ ಇಳಿದರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬಹುದಿತ್ತು. ದಾರಿ ಮಧ್ಯೆ ಕೆಟ್ಟರೂ ಸ್ಕ್ರೂ ಡ್ರೈವರ್ ಮತ್ತು ನಾಲ್ಕು ಸ್ಪಾನರ್ ಇದ್ದವರು ಮನೆ ಮುಟ್ಟುತ್ತಿದ್ದರು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಜಪಾನಿನ ಸುಜುಕಿ ಎಂಜಿನ್, 796 ಸಿಸಿ, ಮೂರೇ ಸಿಲಿಂಡರ್. ಗಾತ್ರದಲ್ಲಿ ಅಂಬಾಸಿಡರ್ ಎಂಜಿನ್ನಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ, ಶಕ್ತಿ ಮಾತ್ರ 40 ಎಚ್‌ಪಿ ಹತ್ತಿರ. ಇದರಲ್ಲಿ ಕ್ಯಾಮ್ ಶಾಫ್ಟ್ ತಲೆಯ ಮೇಲೆಯೇ ಕೂತಿತು, ಅದನ್ನು ತಿರುಗಿಸಲು ರಬ್ಬರಿನ ಟೈಮಿಂಗ್ ಬೆಲ್ಟ್ ಬಂತು. ಉದ್ದದ ರಾಡುಗಳು ಹೋದವು, ಭಾರ ಇಳಿಯಿತು, ಎಂಜಿನ್ ಜೋರಾಗಿ ತಿರುಗತೊಡಗಿತು. ಆದರೂ ಅಲ್ಲಿದ್ದದ್ದು ಕಾರ್ಬ್ಯುರೇಟರೇ. ನಮ್ಮ ಮೇಸ್ತ್ರಿ ಅದನ್ನೂ ಕಲಿತರು.

ದೊಡ್ಡ ಬದಲಾವಣೆ ಬಂದದ್ದು ಹೊಗೆಯ ಕಾರಣಕ್ಕೆ.

ಆಗ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಅದರಿಂದ ಎಂಜಿನ್ ಬಡಿತ ನಿಲ್ಲುತ್ತಿತ್ತು, ವಾಲ್ವ್ ಕೂರುವ ಜಾಗ ಸವೆಯುತ್ತಿರಲಿಲ್ಲ. ಆದರೆ ಆ ಸೀಸ ಹೊಗೆಯಲ್ಲಿ ಹೊರಬಂದು ಮಕ್ಕಳ ರಕ್ತ ಸೇರುತ್ತಿತ್ತು. ಮಿದುಳಿನ ಬೆಳವಣಿಗೆಗೆ ಅದು ವಿಷ. 1985ರಲ್ಲಿ ವಕೀಲ ಎಂ.ಸಿ. ಮೆಹ್ತಾ ದೆಹಲಿಯ ವಾಹನ ಹೊಗೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. 1999ರ ಏಪ್ರಿಲಿನಲ್ಲಿ ಕೋರ್ಟ್ ದೆಹಲಿ ಪ್ರದೇಶಕ್ಕೆ ಇನ್ನೂ ಬಿಗಿಯಾದ ಗಡುವು ಕೊಟ್ಟಿತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು.

ಈ ಕನ್ವರ್ಟರ್ ಹೊಗೆ ಕೊಳವೆಯಲ್ಲಿ ಕೂರುವ ಜೇನುಗೂಡಿನಂಥ ಡಬ್ಬಿ. ಒಳಗೆ ಪ್ಲಾಟಿನಂನಂಥ ದುಬಾರಿ ಲೋಹಗಳ ಲೇಪ ಇರುತ್ತದೆ. ಸೀಸ ತಾಗಿದರೆ ಅದು ಸತ್ತಂತೆ. ಇನ್ನೊಂದು ಹಟವೂ ಅದಕ್ಕಿದೆ. ಹೊಗೆಯ ಮೂರು ಬಗೆಯ ವಿಷವನ್ನೂ ಒಟ್ಟಿಗೆ ಶುದ್ಧ ಮಾಡಬೇಕಾದರೆ 1 ಕೆ.ಜಿ. ಪೆಟ್ರೋಲಿಗೆ ಸುಮಾರು 14.7 ಕೆ.ಜಿ. ಗಾಳಿ, ಆ ಲೆಕ್ಕ ತಪ್ಪಬಾರದು.

ಕಾರ್ಬ್ಯುರೇಟರ್ ಸೋತದ್ದು ಇಲ್ಲಿಯೇ. ಬಿಸಿಲಿಗೊಂದು, ಚಳಿಗೊಂದು, ಘಾಟಿಯ ಮೇಲೊಂದು ಅಳತೆ ಕೊಡುವ ಸಾಮಾನು ಅದು. ಹಾಗಾಗಿ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಬಂತು. ಇಂಜೆಕ್ಟರಿಗೆ ಎಷ್ಟು ಹೊತ್ತು ತೆರೆದಿರಬೇಕೆಂದು ಹೇಳಲು ಪುಟ್ಟ ಕಂಪ್ಯೂಟರ್ ಬಂತು. ಕಂಪ್ಯೂಟರಿಗೆ ಸುದ್ದಿ ಮುಟ್ಟಿಸಲು ಸೆನ್ಸರ್‌ಗಳು ಬಂದವು. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಒಂದು ಸೆನ್ಸರ್ ಹೇಳಿದರೆ, ಎಂಜಿನ್ ಎಷ್ಟು ಬಿಸಿ ಇದೆ ಎಂದು ಇನ್ನೊಂದು ಹೇಳುತ್ತದೆ. ಒಂದರ ಬಾಲ ಹಿಡಿದು ಇನ್ನೊಂದು ಬಂದ ಕಥೆ ಇದು. 2017ರ ಏಪ್ರಿಲಿನಿಂದ ದೇಶಕ್ಕೆಲ್ಲ ಬಿಎಸ್-4, 2020ರ ಏಪ್ರಿಲಿನಿಂದ ಬಿಎಸ್-6 ಬಂದ ಮೇಲೆ ನಿಯಮ ಇನ್ನೂ ಬಿಗಿಯಾಗಿದೆ.

ಬೆಳಿಗ್ಗೆ ಚೋಕ್ ಎಳೆಯುವ ಕಷ್ಟ ತಪ್ಪಿತು, ಹೊಗೆ ಕಡಿಮೆಯಾಯಿತು. ಆದರೆ ಹೊಸ ಎಂಜಿನ್ ತನ್ನ ಕಾಯಿಲೆಯನ್ನು ಶಬ್ದದಲ್ಲಿ ಹೇಳುವುದು ಕಡಿಮೆ, ಕೋಡ್ ನಂಬರಿನಲ್ಲಿ ಹೇಳುತ್ತದೆ. ಅದನ್ನು ಓದಲು ಸ್ಕ್ಯಾನರ್ ಬೇಕು. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಅದನ್ನು ಚುಚ್ಚಿದರೆ ತೊಂದರೆ ಯಾವ ಕಡೆ ಇದೆ ಎಂದು ತಿಳಿಯುತ್ತದೆ. ವೈರು ಸಡಿಲವೋ, ಸೆನ್ಸರೇ ಹೋಗಿದೆಯೋ ಎಂದು ತೀರ್ಮಾನಿಸಲು ಈಗಲೂ ಅನುಭವವೇ ಬೇಕು.

ಇದನ್ನೆಲ್ಲ ಮೇಸ್ತ್ರಿಗೆ ಹೇಳಿದೆ. ಸುಮ್ಮನೆ ಕೇಳಿ, "ಮಕ್ಕಳಿಗೋಸ್ಕರ ಅಂದರೆ ಬದಲಾಗಲಿ ಬಿಡಿ ಸಾರ್. ಆದರೆ ನಮಗೂ ಒಂದು ಮಾತು ಹೇಳಿ ಕಲಿಸಬಹುದಿತ್ತಲ್ಲ?" ಅಂದರು.

ಅವರ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಕಾನೂನು ದೆಹಲಿಯಿಂದ ನಮ್ಮ ಬಸ್ ನಿಲ್ದಾಣದವರೆಗೂ ಬಂತು. ಅದರ ಜೊತೆ ಬರಬೇಕಿದ್ದ ತರಬೇತಿ ಆ ಗ್ಯಾರೇಜಿನ ಬಾಗಿಲಿಗೆ ಇನ್ನೂ ಬಂದಿಲ್ಲ. ಹಳದಿ ದೀಪ ಉರಿದಾಗಲೆಲ್ಲ ರೈತರು ಜಿಲ್ಲಾ ಕೇಂದ್ರಕ್ಕೆ ಹೋಗಿಬರುವ ಖರ್ಚು ಆ ಕೊರತೆಯ ಬೆಲೆ.

ಹೊರಡುವಾಗ ಮೇಸ್ತ್ರಿ ಕರೆದು ಕೇಳಿದರು: "ಆ ಸ್ಕ್ಯಾನರ್ ಎಲ್ಲಿ ಸಿಗುತ್ತೆ, ವಿಚಾರಿಸಿ ಹೇಳ್ತೀರಾ ಸಾರ್?"