ಬಳಕೆದಾರ ಥ್ರೆಡ್‌ಗಳ ಸಂದರ್ಭ ಬದಲಾವಣೆ

ಕರ್ನೆಲ್ ನೆರವಿಲ್ಲದೆ, ಪ್ರೋಗ್ರಾಮಿನೊಳಗಿನ ಲೈಬ್ರರಿಯೇ ಒಂದು ಥ್ರೆಡ್ ನಿಲ್ಲಿಸಿ ಇನ್ನೊಂದನ್ನು ಮುಂದುವರಿಸುವಾಗ ಪ್ರೊಸೆಸರ್ ಸ್ಥಿತಿಯನ್ನು ಉಳಿಸಿ, ಮರಳಿ ತುಂಬುವ ಕ್ರಿಯೆ.

ವಿಧಾನ: ಪ್ರತಿ ಥ್ರೆಡ್‌ಗೂ ಸ್ವಂತ ಸ್ಟ್ಯಾಕ್ ಇರುತ್ತದೆ. ಥ್ರೆಡ್ ತಾನಾಗಿಯೇ ಸರದಿ ಬಿಟ್ಟುಕೊಟ್ಟಾಗ ಬದಲಾವಣೆ ಸಾಮಾನ್ಯ ಫಂಕ್ಷನ್ ಕರೆಯಂತೆ ನಡೆಯುತ್ತದೆ. ಆದ್ದರಿಂದ ಕರೆಸಿಕೊಂಡ ಫಂಕ್ಷನ್ ಕಾಪಾಡಬೇಕಾದ ರಿಜಿಸ್ಟರ್‌ಗಳನ್ನಷ್ಟೇ ಉಳಿಸಿದರೆ ಸಾಕು. 64 ಬಿಟ್ ಎಕ್ಸ್86 ಲಿನಕ್ಸ್‌ನಲ್ಲಿ ಅವು ಆರ್‌ಬಿಎಕ್ಸ್, ಆರ್‌ಬಿಪಿ, ಆರ್12ರಿಂದ ಆರ್15 ಹಾಗೂ ಸ್ಟ್ಯಾಕ್ ಪಾಯಿಂಟರ್ ಆರ್‌ಎಸ್‌ಪಿ. ಜೊತೆಗೆ ಫ್ಲೋಟಿಂಗ್ ಪಾಯಿಂಟ್ ನಿಯಂತ್ರಣ ಬಿಟ್‌ಗಳು. ಮದ್ರಾಸ್ ಐಐಟಿಯ ‘ಶಕ್ತಿ’ ಪ್ರೊಸೆಸರ್‌ಗಳು ಅನುಸರಿಸುವ ರಿಸ್ಕ್-ಫೈವ್‌ನಲ್ಲಿ ಉಳಿಸಬೇಕಾದವು ಹಿಂದಿರುಗುವ ವಿಳಾಸ, ಸ್ಟ್ಯಾಕ್ ಪಾಯಿಂಟರ್ ಮತ್ತು ಎಸ್0ರಿಂದ ಎಸ್11, ಒಟ್ಟು 14 ಪೂರ್ಣಾಂಕ ರಿಜಿಸ್ಟರ್‌ಗಳು. ಸ್ಟ್ಯಾಕ್ ಪಾಯಿಂಟರ್ ಬದಲಾದ ಕ್ಷಣವೇ ಥ್ರೆಡ್ ಬದಲಾಗುತ್ತದೆ. ಹೊಸ ಥ್ರೆಡ್‌ಗೆ ಉಳಿಸಿದ ಸ್ಥಿತಿ ಇನ್ನೂ ಇರದ ಕಾರಣ, ಹಿಂದಿರುಗುವ ವಿಳಾಸದ ಜಾಗದಲ್ಲಿ ಆರಂಭದ ಫಂಕ್ಷನ್ನಿನ ವಿಳಾಸವನ್ನು ಮೊದಲೇ ಇಟ್ಟಿರಬೇಕು.

ಮಿತಿ: ಸಿಗ್ನಲ್ ಮೂಲಕ ನಡುವೆಯೇ ತಡೆದರೆ ಎಲ್ಲ ರಿಜಿಸ್ಟರ್‌ಗಳನ್ನೂ ಉಳಿಸಬೇಕಾಗುತ್ತದೆ.

ಬಳಕೆ: ಈ ಬದಲಾವಣೆ ಮಾಡುವ ಯುನಿಕ್ಸ್‌ನ ‘ಸ್ವಾಪ್‌ಕಾಂಟೆಕ್ಸ್ಟ್’ ಫಂಕ್ಷನ್ನನ್ನು ಪಾಸಿಕ್ಸ್ ಮಾನಕದ 2008ರ ಆವೃತ್ತಿ ಕೈಬಿಟ್ಟಿತು. ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿಯಲ್ಲಿ ಅದು ಪ್ರತಿ ಬಾರಿ ಸಿಗ್ನಲ್ ಮಾಸ್ಕ್‌ (ತಡೆಹಿಡಿದ ಸಿಗ್ನಲ್‌ಗಳ ಪಟ್ಟಿ) ಬದಲಿಸಲು ಕರ್ನೆಲ್ಲನ್ನು ಕರೆಯುವುದರಿಂದ ನಿಧಾನ. ಗೋ ಭಾಷೆಯ ಗೊರುಟೀನ್‌ಗಳು, 2023ರ ಜಾವಾ 21ರ ವರ್ಚುವಲ್ ಥ್ರೆಡ್‌ಗಳು ಬಳಕೆದಾರ ಮಟ್ಟದ ಬದಲಾವಣೆಯ ತತ್ತ್ವವನ್ನೇ ಆಧರಿಸಿವೆ.