ಗುರಿ ಮುಟ್ಟದ ಗುಂಡು

ಇತಿಹಾಸವೆಂದೊಡನೆ ನಮ್ಮ ಮನಸ್ಸು ಯುದ್ಧಗಳತ್ತ, ಗೆದ್ದವರತ್ತ, ಸೋತವರತ್ತ ಹರಿಯುತ್ತದೆ. ಆ ಯುದ್ಧಗಳಲ್ಲಿ ಹಾರಿದ ಗುಂಡಿಗೂ ತನ್ನದೇ ಆದ ಇತಿಹಾಸವಿದೆ. ಅದರ ಕೆಲವು ಅಧ್ಯಾಯಗಳು ನಮ್ಮ ಭಾರತದ ನೆಲಕ್ಕೆ ಸೇರಿದವು.

ನಾವಿಂದು ನೆಲೆಸಿರುವ ಅಮೆರಿಕದಲ್ಲಿ ದೂರದ ಗುರಿಗೆ ಗುಂಡು ಹೊಡೆಯುವುದು ಒಂದು ಕ್ರೀಡೆ. ಸಾವಿರ ಗಜದಾಚೆಯ ಗುರಿಗಾಗಿ ಅನೇಕರು ಮನೆಯಲ್ಲಿಯೇ ಮದ್ದನ್ನು ತೂಗಿ, ಹಿತ್ತಾಳೆಯ ಕೋಶಕ್ಕೆ ತುಂಬಿ, ಬಾಯಿಗೆ ಗುಂಡನ್ನು ಕೂರಿಸಿ ಕಾಡತೂಸುಗಳನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ಇವರನ್ನು ಕಾಡುವ ಸೋಜಿಗವೊಂದುಂಟು. ಸದ್ದು ಸರಿಯಾಗಿಯೇ ಕೇಳುತ್ತದೆ. ಗುರಿಯಲ್ಲಿ ಮಾತ್ರ ರಂಧ್ರವಿಲ್ಲ. ಗುಂಡು ಬೂದುಬಣ್ಣದ ಗೆರೆಯೊಂದನ್ನು ಗಾಳಿಯಲ್ಲಿ ಎಳೆದು, ನಡುದಾರಿಯಲ್ಲಿಯೇ ಚೂರಾಗಿರುತ್ತದೆ.

ಇದರ ಮೂಲವನ್ನರಿಯಲು ಹದಿನೆಂಟನೆಯ ಶತಮಾನಕ್ಕೆ ಹೋಗಬೇಕು. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಅವರು ಗುಂಡಿನ ವೇಗವನ್ನು ಲೋಲಕದಿಂದ ಅಳೆಯುವ ವಿಧಾನವನ್ನು 1742ರಲ್ಲಿ ಪ್ರಕಟಿಸಿದರು. ನಳಿಕೆಯ ಒಳಮೈಯಲ್ಲಿ ಸುರುಳಿಗೀರುಗಳನ್ನು ಕೊರೆದು ಗುಂಡನ್ನು ಬುಗುರಿಯಂತೆ ತಿರುಗಿಸಿದರೆ ಅದು ದಾರಿ ತಪ್ಪದೆಂಬುದನ್ನು ಮುಂದೆ ವಿವರಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಬಂದ ಅವರು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡರು.

ಅಂದಿನ ಗುಂಡು ಬರಿಯ ಸೀಸದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆಯಿಲ್ಲದ ಮದ್ದನ್ನು ರೂಪಿಸಿದ ಮೇಲೆ ಗುಂಡಿನ ವೇಗ ಬಹಳವಾಗಿ ಏರಿತು. ಆ ವೇಗವನ್ನು ಮೆದುವಾದ ಸೀಸ ತಾಳಲಾರದು. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ಅದೇ ದಶಕದಲ್ಲಿ ಸೀಸಕ್ಕೆ ತಾಮ್ರದ ಕವಚ ತೊಡಿಸಿದ್ದರು. ಕವಚವುಳ್ಳ ಗುಂಡೇ ಮುಂದೆ ಎಲ್ಲೆಡೆ ಬಳಕೆಗೆ ಬಂದಿತು.

1895ರ ಚಿತ್ರಾಲ್ ದಂಡಯಾತ್ರೆಯ ತರುವಾಯ, ಇಂತಹ ಗುಂಡು ಶತ್ರುವನ್ನು ತೂರಿಹೋಗುವುದೇ ಹೊರತು ತಡೆಯುವುದಿಲ್ಲವೆಂದು ಬ್ರಿಟಿಷ್ ಸೈನಿಕರು ದೂರಿದರು. ಕಲ್ಕತ್ತೆಯ ಸಮೀಪದ ಡಮ್‌ಡಮ್ ಶಸ್ತ್ರಾಗಾರದ ಮೇಲ್ವಿಚಾರಕ ಕ್ಯಾಪ್ಟನ್ ಬರ್ಟೀ-ಕ್ಲೇ ಮೂತಿಯ ಕವಚವನ್ನು ತೆರೆದುಬಿಟ್ಟರು. ದೇಹವನ್ನು ಹೊಕ್ಕೊಡನೆ ಅರಳಿ, ಭೀಕರ ಗಾಯ ಮಾಡುವ ಗುಂಡು ಹೀಗೆ ಹುಟ್ಟಿತು. ಅದರಲ್ಲಿ ದೋಷವೂ ಇತ್ತು. ಬುಡವೂ ತೆರೆದಿದ್ದುದರಿಂದ ಮದ್ದಿನ ಒತ್ತಡಕ್ಕೆ ಸೀಸ ಮಾತ್ರ ಹೊರಚಿಮ್ಮಿ, ಕವಚವು ನಳಿಕೆಯಲ್ಲಿ ಉಳಿದುಬಿಡುವ ಅಪಾಯವಿತ್ತು. ಹಾಗಾದಲ್ಲಿ ಮುಂದಿನ ಗುಂಡು ಹೊಡೆದವನಿಗೇ ಮೃತ್ಯು. 1899ರ ಹೇಗ್ ಸಮ್ಮೇಳನವು ದೇಹದೊಳಗೆ ಅರಳುವ ಗುಂಡುಗಳನ್ನು ಯುದ್ಧದಲ್ಲಿ ಬಳಸಕೂಡದೆಂದು ಘೋಷಿಸಿತು. ಬ್ರಿಟನ್ ಇದಕ್ಕೆ ಒಪ್ಪಿದ್ದು 1907ರಲ್ಲಿ.

ಇಂದಿನ ಕ್ರೀಡಾಪಟುವಿನ ಸಂಕಟಕ್ಕೂ ಕವಚ ಮತ್ತು ಸೀಸದ ಈ ಸಂಬಂಧವೇ ಕಾರಣ. ಸೆಕೆಂಡಿಗೆ 3,000 ಅಡಿ ವೇಗದ ಗುಂಡು, 8 ಅಂಗುಲಕ್ಕೊಂದು ಸುತ್ತು ಕೊಡುವ ನಳಿಕೆಯಿಂದ ಹೊರಟರೆ ನಿಮಿಷಕ್ಕೆ 2,70,000 ಸುತ್ತಿನ ದರದಲ್ಲಿ ತಿರುಗುತ್ತದೆ. ನಳಿಕೆಯ ಘರ್ಷಣೆಯಿಂದ ಕವಚ ಕಾಯುತ್ತದೆ. ಸೀಸವಾದರೋ 327 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಕರಗುವಂಥದು. ಕವಚಕ್ಕೆ ತಾಗಿದ ಸೀಸ ಕರಗಿ ಹಿಡಿತ ತಪ್ಪಿದರೆ, ತಿರುಗುವ ರಭಸಕ್ಕೆ ಕವಚ ಸೀಳುತ್ತದೆ. ಕಣಕ ತೆಳುವಾದಾಗ ಹೋಳಿಗೆ ಒಡೆದು ಹೂರಣ ಹೊರಬರುವುದನ್ನು ಕಂಡ ನಮ್ಮ ಸೋದರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಪರಿಹಾರವೂ ಅಂತೆಯೇ ಸರಳ: ದಪ್ಪ ಕವಚದ ಗುಂಡು, ತುಸು ಕಡಿಮೆ ವೇಗ, ನಿಧಾನವಾಗಿ ತಿರುಗಿಸುವ ಸುರುಳಿಗೀರು, ಒರಟಿಲ್ಲದ ಶುಭ್ರ ನಳಿಕೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದರೆ ಮಾತ್ರ ದೋಷ ಯಾವುದೆಂದು ತಿಳಿದೀತು. ಇಡಿಯ ತಾಮ್ರದ ಗುಂಡುಗಳೂ ಈಗ ದೊರೆಯುತ್ತವೆ. ಅವುಗಳಲ್ಲಿ ಕರಗಲು ಸೀಸವೇ ಇಲ್ಲ.

ಡಮ್‌ಡಮ್‌ನಲ್ಲಿ ಗುಂಡು ಅರಳಲೆಂದೇ ಕವಚವನ್ನು ತೆರೆದರು. ಇಂದಿನ ಕ್ರೀಡಾಂಗಣದಲ್ಲಿ ಗುಂಡು ಒಡೆಯದಿರಲೆಂದು ಕವಚವನ್ನು ಬಲಪಡಿಸುತ್ತಾರೆ. ವಿದ್ಯೆ ಒಂದೇ, ಉದ್ದೇಶ ಬೇರೆ. ಆ ಉದ್ದೇಶಕ್ಕೆ ಮನುಷ್ಯನೇ ಹೊಣೆಯೆಂಬುದನ್ನು ಹೇಗ್ ಸಮ್ಮೇಳನವು ಲೋಕಕ್ಕೆ ನೆನಪಿಸಿತು. ಇತಿಹಾಸವನ್ನು ಓದುವ ನಾವೂ ಅದನ್ನು ಮರೆಯಬಾರದು.